ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಮಾತ್ರ

ವಯಸ್ಸಾದಂತೆ ಮನುಷ್ಯನಿಗೆ ಗದ್ದಲ ಸಾಕಾಗುತ್ತದೆ, ಮೌನದ ಹಂಬಲ ಹುಟ್ಟುತ್ತದೆ; ನಮ್ಮ ಪೂರ್ವಿಕರು ವಾನಪ್ರಸ್ಥ ಎಂಬ ಏರ್ಪಾಡನ್ನು ಮಾಡಿಟ್ಟದ್ದು ಸುಮ್ಮನೆ ಅಲ್ಲ. ಆದರೆ ಅವರಲ್ಲಿ ಯಾರೂ ಕಾಡಿಗೆ ಹೊರಡುವ ಮುನ್ನ ಮಧ್ಯಾಹ್ನ ಒಂದು ಗಂಟೆಗೆ ಇಬ್ಬರಿಗೆಂದು ಟೇಬಲ್ ಕಾದಿರಿಸಿದ ಉಲ್ಲೇಖ ಎಲ್ಲಿಯೂ ಇಲ್ಲ. ಆ ಕೆಲಸವನ್ನು ನಾನು ಮಾಡಿದೆ. ಅದೂ ಎಲ್ಲಿ? ವಡೋದರಾದ ಹತ್ತಿರ ಹೆದ್ದಾರಿಯ ಬದಿಗಿರುವ, ಮುಗಿಲೆತ್ತರದ ನೀರಿನ ಜಾರುಬಂಡೆಗಳ, ಕಾಲು ಗಂಟೆಗೊಮ್ಮೆ ಘರ್ಜಿಸುವ ಯಂತ್ರದ ಗೊರಿಲ್ಲಾದ, ದೀಪಾವಳಿ ರಜೆಯಲ್ಲಿ ಅರ್ಧ ಗುಜರಾತೇ ಬಂದು ಒದ್ದೆಯಾಗುವ ಒಂದು ವಿನೋದ ಉದ್ಯಾನದ ರೆಸಾರ್ಟಿನಲ್ಲಿ. ಅಲ್ಲಿ ಏಳು ರೆಸ್ಟೋರೆಂಟುಗಳಿದ್ದವು. ಆರನ್ನು ತಿರಸ್ಕರಿಸಿ ಏಳನೆಯದನ್ನು ನಾನು ಆರಿಸಿದೆ. ಆ ಆಯ್ಕೆಯ ವಿಚಾರಣೆಯನ್ನು ಇಲ್ಲಿ ನಡೆಸುತ್ತಿದ್ದೇನೆ. ಆರೋಪಿಯೂ ನ್ಯಾಯಾಧೀಶನೂ ನಾನೇ ಆದ್ದರಿಂದ ತೀರ್ಪಿನಲ್ಲಿ ಸ್ವಲ್ಪ ದಾಕ್ಷಿಣ್ಯ ಕಂಡುಬಂದರೆ ಆಶ್ಚರ್ಯಪಡಬೇಡಿ.

ಮೊದಲು ಕಕ್ಷಿದಾರರ ಪರಿಚಯ. ನಾನು ಮೂವತ್ತನಾಲ್ಕು ವರ್ಷ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತು ಎದ್ದವನು. ಕುಂದಾಪುರದ ಕಡೆಯಿಂದ ಅಹಮದಾಬಾದಿಗೆ ವರ್ಗವಾಗಿ ಬಂದೆ. ಇನ್ನೊಂದು ವರ್ಗ ಸಿಕ್ಕಿದೊಡನೆ ಊರ ಕಡೆ ಹೊರಡುವುದೆಂದು ಮಣಿನಗರದಲ್ಲಿ ತಾತ್ಕಾಲಿಕವಾಗಿ ಒಂದು ಮನೆ ಹಿಡಿದೆ. ಆ ತಾತ್ಕಾಲಿಕ ವ್ಯವಸ್ಥೆ ಈಗಲೂ ಮುಂದುವರಿದಿದೆ. ನನ್ನ ಹಿಂದೆಯೇ ಬಂದ ತಮ್ಮ ಶ್ರೀಧರ ಸೂರತ್ತಿನ ಕತಾರ್‌ಗಾಮಿನಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ, ಇಡ್ಲಿ-ದೋಸೆಯ ಹೋಟೆಲು ಇಟ್ಟ. ನಾನು ಜನರ ಕ್ಲೇಮು ತಿರಸ್ಕರಿಸುತ್ತ, ಅವನು ಜನರ ಹಸಿವು ತೀರಿಸುತ್ತ, ಇಬ್ಬರಿಗೂ ವಯಸ್ಸಾಯಿತು. ಮೂರೂವರೆ ಗಂಟೆಯ ರೈಲು ದಾರಿ. ಆ ದಾರಿಯಲ್ಲಿ ಕಳೆದ ಆರು ವರ್ಷಗಳಿಂದ ನಮ್ಮಿಬ್ಬರಲ್ಲಿ ಯಾರೂ ಇನ್ನೊಬ್ಬರ ಮನೆಗೆ ಹೋಗಿರಲಿಲ್ಲ.

ಮಾತು ಬಿಟ್ಟಿದ್ದೆವು ಎಂದಲ್ಲ. ಮಾತು ಬಿಡುವುದಕ್ಕೂ ಒಂದು ಧೈರ್ಯ ಬೇಕು. ಹಬ್ಬಕ್ಕೆ ಫೋನು ಮಾಡುತ್ತಿದ್ದೆವು. "ಹುಷಾರಿದ್ದ್ಯಾ?" "ಹುಷಾರ್." "ಅಲ್ಲಿ ಸೆಕೆಯಾ?" "ಸೆಕೆ." ನಮ್ಮ ವಿಭಾಗದ ಭಾಷೆಯಲ್ಲಿ ಹೇಳುವುದಾದರೆ ಪಾಲಿಸಿ ಚಾಲ್ತಿಯಲ್ಲಿತ್ತು, ಬೋನಸ್ಸು ನಿಂತುಹೋಗಿತ್ತು.

ಕಾರಣ ಅಮ್ಮ. ಅಥವಾ ಅಮ್ಮ ತೀರಿಕೊಂಡ ದಿನ. ಅಥವಾ, ನುಣುಚಿಕೊಳ್ಳದೆ ಹೇಳುವುದಾದರೆ, ನಾನು.

ಅಮ್ಮ ನಮ್ಮ ಮನೆಯಲ್ಲಿದ್ದಳು. ಮಾರ್ಗಶಿರದ ಒಂದು ಬೆಳಿಗ್ಗೆ ಐದೂವರೆಗೆ ಹೋದಳು. ಕೂಡಲೇ ಶ್ರೀಧರನಿಗೆ ಫೋನು ಮಾಡಿದೆ. "ನಾ ಬಪ್ಪುವರೆಗೆ ಎತ್ಬೇಡ ಅಣ್ಣ" ಎಂದ. ಅಷ್ಟನ್ನೇ ಎರಡು ಸಲ ಹೇಳಿದ. ಸಿಕ್ಕ ಗಾಡಿ ಹತ್ತಿದ. ಆ ಗಾಡಿ ವಡೋದರಾದಲ್ಲಿ ನಿಂತಿತು, ಹೊರಟಿತು, ಮತ್ತೆ ನಿಂತಿತು. ಇತ್ತ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅಂದೇ ಒಂದು ಮದುವೆ. ಗೇಟು ಇರುವುದು ಒಂದೇ. ಹತ್ತು ಗಂಟೆಗೆ ಸೊಸೈಟಿಯ ಕಾರ್ಯದರ್ಶಿ ಬಂದು, ಅಮ್ಮನಿಗೆ ಕೈ ಮುಗಿದು, ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಸಂಕೋಚದಿಂದ ಹೇಳಿದರು: "ವರಘೋಡೊ ಬಾರ್ ವಾಗ್ಯೆ ಆವ್‌ಶೆ, ಭಾಯಿ. ಜರಾ ಜೋಜೋ ನೆ." ವರನ ಮೆರವಣಿಗೆ ಹನ್ನೆರಡಕ್ಕೆ ಬರುತ್ತದೆ, ಸ್ವಲ್ಪ ನೋಡಿಕೊಳ್ಳಿ. ಅಷ್ಟೇ. ಬೇಗ ಎತ್ತಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ಸಿಟ್ಟಾಗಿ ಕುಳಿತುಬಿಡುತ್ತಿದ್ದೆನೋ ಏನೋ. ಸೌಜನ್ಯದ ಮುಂದೆ ನಾನು ಯಾವಾಗಲೂ ಸೋತವನು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಕಡತವನ್ನೂ ಅವಸರಪಡಿಸದಿದ್ದ ನಾನು ಅಂದು ಹೆತ್ತ ತಾಯಿಯನ್ನು ಅವಸರಪಡಿಸಿದೆ. ಹನ್ನೊಂದೂವರೆಗೆ ಎತ್ತಿದೆವು. ನೆರೆಯವರಿಗೆ ತೊಂದರೆಯಾಗಲಿಲ್ಲ.

ಶ್ರೀಧರ ಬಂದದ್ದು ಮುಕ್ಕಾಲು ಗಂಟೆ ಕಳೆದು. ಗೇಟಿನಲ್ಲಿ ಬ್ಯಾಂಡು, ಕುದುರೆ, ಕುಣಿತ. ಆ ಕುಣಿಯುವವರ ನಡುವೆ ದಾರಿ ಮಾಡಿಕೊಂಡು ಒಳಗೆ ಬರಬೇಕಾಯಿತು. ಯಾರೋ ಪುಣ್ಯಾತ್ಮರು ಇವನನ್ನು ಹೆಣ್ಣಿನ ಕಡೆಯವನೆಂದು ತಿಳಿದು ಕೈ ಹಿಡಿದು ಎರಡು ಹೆಜ್ಜೆ ಕುಣಿಸಿದರಂತೆ. ಮನೆಯಲ್ಲಿ ನೆಲ ತೊಳೆದು ಆಗಿತ್ತು. ಅಲ್ಲಿಂದ ಸ್ಮಶಾನಕ್ಕೆ ಓಡಿ ಬಂದ. ವಿದ್ಯುತ್ ಚಿತಾಗಾರದ ಬಾಗಿಲು ಮುಚ್ಚಿತ್ತು. ಅವನು ಆ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ, "ಎಂತಕ್ ಅಣ್ಣ?" ಎಂದ.

"ಭಟ್ರು ಹನ್ನೆರಡ್ರೊಳಗೆ ಆಯ್ಕ್ ಅಂದ್ರ್" ಎಂದೆ. ಹನ್ನೆರಡರೊಳಗೆ ಆಗಲೇಬೇಕು ಎಂದು.

ಭಟ್ಟರು ಅಷ್ಟು ದೂರದಲ್ಲಿ ನಲ್ಲಿಯ ಬಳಿ ಕಾಲು ತೊಳೆಯುತ್ತಿದ್ದರು. ಪಾಪ, ಅವರು ಬೆಳಿಗ್ಗೆಯೇ, ತಮ್ಮ ಬರಲಿ, ಸಂಜೆಯವರೆಗೂ ಇಡಬಹುದು, ಚಳಿಗಾಲ, ಏನೂ ಆಗುವುದಿಲ್ಲ ಎಂದು ಹೇಳಿದ್ದರು.

ಸುಳ್ಳು ಹೇಳುವುದು ಒಂದು ಕಲೆ. ಆ ಕಲೆಯ ಮೊದಲ ಪಾಠವೇ ನನಗೆ ಗೊತ್ತಿರಲಿಲ್ಲ. ದೇಶಾಂತರದಲ್ಲಿರುವ ನಮ್ಮಂಥವರ ಸ್ಥಿತಿ ನೋಡಿ. ಅಹಮದಾಬಾದು, ವಡೋದರಾ, ಸೂರತ್ತು, ಈ ಮೂರು ಊರುಗಳ ನಮ್ಮ ಕಡೆಯವರಿಗೆಲ್ಲ ಸೇರಿ ಇರುವುದು ಒಬ್ಬರೇ ಭಟ್ಟರು. ದರ್ಭೆ, ಪಂಚಾಂಗ, ಮಡಿಪಂಚೆ ತುಂಬಿದ ಚೀಲ ಹಿಡಿದು ಬೆಳಗಿನ ಗಾಡಿಗೆ ಹತ್ತಿ, ಒಂದು ಕಡೆ ಉಪನಯನ, ಇನ್ನೊಂದು ಕಡೆ ಗೃಹಪ್ರವೇಶ ಮುಗಿಸಿ, ಸಂಜೆಯ ಗಾಡಿಗೆ ಮರಳುವವರು. ಇಡೀ ಪಶ್ಚಿಮ ರೈಲ್ವೆಯಲ್ಲಿ ಅವರಷ್ಟು ಓಡಾಡುವ, ಅವರಷ್ಟು ಮಾತಾಡುವ ಇನ್ನೊಬ್ಬರಿಲ್ಲ. ಊರಲ್ಲಾದರೆ ನಾಲ್ಕು ಮನೆತನದ ಪುರೋಹಿತರು ಇರುತ್ತಾರೆ. ಯಾರ ಬಾಯಿಗಾದರೂ ಸುಳ್ಳು ತುರುಕಿ ನಿಶ್ಚಿಂತೆಯಿಂದಿರಬಹುದು. ಮೂರು ನಗರಗಳಿಗೆ ಒಬ್ಬರೇ ಇರುವ ಭಟ್ಟರ ಬಾಯಿಗೆ ಸುಳ್ಳು ತುರುಕಿದ ಮೂರ್ಖ ನಾನೊಬ್ಬನೇ ಇರಬೇಕು.

ಆ ವರ್ಷದಿಂದ ಅಮ್ಮನ ಶ್ರಾದ್ಧ ಎರಡು ಕಡೆ. ಒಂದೇ ತಾಯಿ, ಒಂದೇ ತಿಥಿ, ಒಬ್ಬರೇ ಭಟ್ಟರು. ಬೆಳಿಗ್ಗೆ ಸೂರತ್ತಿನಲ್ಲಿ ಶ್ರೀಧರನದು ಮುಗಿಸಿ, ಗಾಡಿ ಹಿಡಿದು ಇಳಿಹೊತ್ತಿಗೆ ನಮ್ಮಲ್ಲಿಗೆ ಬಂದು, ಮೊಣಕಾಲು ತಿಕ್ಕಿಕೊಳ್ಳುತ್ತ, "ಒಟ್ಟಿಗೆ ಮಾಡಿದ್ರೆ ಅಮ್ಮನಿಗೂ ತೃಪ್ತಿ, ನನ್ನ ಮೊಣಗಂಟಿಗೂ ತೃಪ್ತಿ ಮಾರಾಯ್ರೇ" ಎನ್ನುವರು. ನಾನು ಕೇಳಿಸದವನಂತೆ ಎಳ್ಳು ಹುಡುಕುತ್ತಿದ್ದೆ.

ಈ ಸಲವಾದರೂ ಒಟ್ಟಿಗೆ ಮಾಡಬೇಕೆಂದು ನನಗೆ ಅನಿಸಿದ್ದು ವೈರಾಗ್ಯದಿಂದಲ್ಲ, ವೈದ್ಯರಿಂದ. ಎದೆಯ ಪರೀಕ್ಷೆ ಮಾಡಿದವರು ಹಾಳೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದರು. ಮನೆಗೆ ಬಂದವನೇ ತಮ್ಮನ ಮಗಳು ಅಶ್ವಿನಿಗೆ ಫೋನು ಮಾಡಿದೆ. ವಡೋದರಾದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟು. ಹಿಡಿದುಕೊಂಡ ಕೀಲುಗಳನ್ನು ಬಿಡಿಸುವುದೇ ಅವಳ ಉದ್ಯೋಗವಾದ್ದರಿಂದ ಈ ಕೇಸನ್ನೂ ಅವಳೇ ತೆಗೆದುಕೊಂಡಳು. ಸೂರತ್ತಿನ ವಜ್ರದ ಕಾರ್ಖಾನೆಗಳು ದೀಪಾವಳಿಗೆ ಮುಚ್ಚಿದರೆ ವಾರಗಟ್ಟಲೆ ತೆರೆಯುವುದಿಲ್ಲ. ಗಿರಾಕಿಯೇ ಇಲ್ಲದ ಮೇಲೆ ಶ್ರೀಧರನ ಹೋಟೆಲೂ ಮುಚ್ಚುತ್ತದೆ. ವರ್ಷದಲ್ಲಿ ಅವನು ಕೈಗೆ ಸಿಗುವುದು ಆಗ ಮಾತ್ರ. ಎರಡೂ ಊರಿಗೆ ನಡುವೆ ಬೀಳುವ ಈ ರೆಸಾರ್ಟನ್ನು ಅವಳು ಗೊತ್ತು ಮಾಡಿದಳು. ಮಕ್ಕಳಿಗೆ ಜಾರುಬಂಡೆ, ದೊಡ್ಡವರಿಗೆ ಸಂಧಾನ. ಯುದ್ಧ ಮಾಡಿದ ದೇಶಗಳೂ ಹೀಗೆಯೇ ಮೂರನೆಯ ದೇಶದಲ್ಲಿ ಸೇರುತ್ತವೆ ಎಂದು ಪತ್ರಿಕೆಯಲ್ಲಿ ಓದಿದ್ದೇನೆ. ಅಲ್ಲಿ ಗೊರಿಲ್ಲಾ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

"ದೊಡ್ಡಪ್ಪ, ರೂಮು, ಪಾಸು ಎಲ್ಲ ನಾನ್ ಬುಕ್ ಮಾಡ್ತೇನೆ. ಎಲ್ಲಿ ಕೂತು ಮಾತಾಡುದು ಅಂತ ನೀವೇ ನೋಡ್ಕೊಳ್ಳಿ" ಎಂದಳು. "ಅಪ್ಪ ಬರ್ತಾರೆ. ಆದ್ರೆ ಮಾತು ನೀವೇ ತೆಗೀಬೇಕು."

ತೆಗೆಯಬೇಕಾಗಿದ್ದ ಮಾತು ಬಹಳ ದೊಡ್ಡದೇನೂ ಆಗಿರಲಿಲ್ಲ. ಭಟ್ರು ಹೇಳ್ಲಿಲ್ಲ, ನಾನೇ ಅವಸರ ಮಾಡ್ದೆ, ತಪ್ಪಾಯ್ತ್. ಎಣಿಸಿದರೆ ಆರು ಪದ. ಮಣಿನಗರದಿಂದ ರೆಸಾರ್ಟಿನವರೆಗೆ ಕಾರಿನಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದೆ. ನಡುನಡುವೆ ತುಟಿ ಅಲ್ಲಾಡಿರಬೇಕು, ನನ್ನ ಹೆಂಡತಿ ಸುಲೋಚನಾ, "ಎಂತ, ಸಂಧ್ಯಾವಂದನೆ ಈಗ ನೆನಪಾಯ್ತಾ?" ಎಂದಳು.

ಬಂದು ಇಳಿದವನೇ ಸ್ಥಳ ಪರಿಶೀಲನೆಗೆ ಹೊರಟೆ. ಏಕಸದಸ್ಯ ಆಯೋಗ. ಮೊದಲನೆಯದು ಕಡಲ್ಗಳ್ಳರ ಹಡಗಿನ ಆಕಾರದ್ದು. ಸಮುದ್ರವೇ ಇಲ್ಲದ ಕಡೆ ಹಡಗು, ಮಾಂಸವೇ ಇಲ್ಲದ ಅಡುಗೆಯ ಕಡಲ್ಗಳ್ಳರು. ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಸಪ್ಲೈಯರ್ ಜೈನ್ ಪಾವ್ ಭಾಜಿ ತಂದುಕೊಡುತ್ತಿದ್ದ. ಮಕ್ಕಳ ಕಿರುಚಾಟಕ್ಕೆ ಹಡಗು ತೇಲುತ್ತಿರುವಂತೆಯೇ ಇತ್ತು. ಇನ್ನೊಂದು ಗುಹೆ, ಗೊರಿಲ್ಲಾದ ಖಾಯಂ ವಿಳಾಸ ಅದೇ. ಒಂದು ಕಾಠಿಯಾವಾಡದ ಹಳ್ಳಿ, ಬಾಗಿಲಲ್ಲೇ ಹಿಡಿದು ಎಲ್ಲರಿಗೂ ಪೇಟ ಸುತ್ತುತ್ತಿದ್ದರು. ಪೇಟ ಸುತ್ತಿಕೊಂಡು ತಪ್ಪೊಪ್ಪಿಕೊಳ್ಳುವುದು ನನ್ನಿಂದಾಗದು. ಆಟಿಕೆ ರೈಲಿನ ಮೇಲೆ ದೋಸೆ ಬರುವ ಒಂದು ದಕ್ಷಿಣ ಭಾರತದ ಹೋಟೆಲೂ ಇತ್ತು. ಅದಕ್ಕೆ ದೂರದಿಂದಲೇ ನಮಸ್ಕರಿಸಿದೆ. ಅಣ್ಣ ತಮ್ಮಂದಿರಾದ ನಮ್ಮ ಮಧ್ಯೆ ರೈಲು ಈಗಾಗಲೇ ಮಾಡಿದ್ದು ಸಾಕು. ಉಳಿದೆರಡನ್ನು ಹೊರಗಿನಿಂದ ಕೇಳಿದೆ. ನೋಡುವ ಅಗತ್ಯ ಬೀಳಲಿಲ್ಲ.

ಏಳನೆಯದು ಮಹಡಿಯ ಮೇಲೆ. ಹೆಸರು 'ದಿ ಲೈಬ್ರರಿ'. ಬಾಗಿಲಲ್ಲಿ ಹಿತ್ತಾಳೆಯ ಫಲಕ: ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಮಾತ್ರ, ದಯವಿಟ್ಟು ಮೆಲುದನಿಯಲ್ಲಿ ಮಾತಾಡಿ. ಒಳಗೆ ಗೋಡೆಯುದ್ದಕ್ಕೂ ಚರ್ಮದ ರಟ್ಟಿನ ಪುಸ್ತಕಗಳು, ದಪ್ಪ ಪರದೆಗಳು, ನಡುಹಗಲಲ್ಲಿ ಮೇಣದ ಬತ್ತಿ. ಗುಜರಾತಿನಲ್ಲಿ ದೊಡ್ಡವರ ರೆಸ್ಟೋರೆಂಟು ಎಂಬುದೇ ಒಂದು ತಾತ್ವಿಕ ಸಮಸ್ಯೆ. ಬೇರೆ ರಾಜ್ಯಗಳಲ್ಲಿ ಮಕ್ಕಳನ್ನು ಹೊರಗಿಡಲು ಒಂದು ಕಾರಣ ಇರುತ್ತದೆ, ಆ ಕಾರಣ ಬಾಟಲಿಯಲ್ಲಿರುತ್ತದೆ. ಪಾನನಿಷೇಧದ ನಾಡಿನಲ್ಲಿ ದೊಡ್ಡವರು ದೊಡ್ಡವರೆಂದು ತೋರಿಸಿಕೊಳ್ಳುವುದು ಹೇಗೆ? ಬೆಳಕು ಕಡಿಮೆ ಮಾಡಿ, ದಾಳಿಂಬೆ ರಸವನ್ನು ಉದ್ದ ಕಾಲಿನ ಗಾಜಿನಲ್ಲಿ ಕುಡಿದು, ಸಣ್ಣ ದನಿಯಲ್ಲಿ ಮಾತಾಡಿ. ಅದೆಲ್ಲ ನನಗೆ ಬಹಳ ಹಿಡಿಸಿತು. ಇಂಥ ಕಡೆ ಯಾರೂ ಜಗಳವಾಡಲಾರರು, ಅಳಲಾರರು, ಎದ್ದು ಕೂಗಲಾರರು. ನಾನು ಆರು ಪದ ಹೇಳುವೆ, ತಮ್ಮ ತಲೆ ತಗ್ಗಿಸುವನು, ಮೇಣದ ಬತ್ತಿ ಸಣ್ಣಗೆ ಅಲುಗುವುದು. ಕ್ಷಮೆ ಕೇಳಲು ಹೊರಟವನು ಮೊದಲು ದೀಪದ ವ್ಯವಸ್ಥೆ ನೋಡಿಕೊಂಡ ಎಂದರೆ ಅವನ ಯೋಗ್ಯತೆ ನಿಮಗೆ ತಿಳಿಯಿತಲ್ಲ.

ಸುಲೋಚನಾಗೆ ಹೇಳಿದೆ. ಅವಳು ನಮ್ಮೊಡನೆ ಬಂದಿದ್ದ ಮೊಮ್ಮಕ್ಕಳ ಒದ್ದೆ ಚಡ್ಡಿ ಹಿಂಡುತ್ತಿದ್ದಳು.

"ಅಲ್ಲ್ ನೀವಿಬ್ರೇ ಕೂತ್ಕಂಡ್ ಎಂತ ಮಾಡ್ತ್ರಿ? ಒಬ್ರ ಮುಖ ಒಬ್ರ್ ಕಾಂತ್ರಿಯಾ?" ಎಂದಳು. "ಎಲ್ಲರೊಟ್ಟಿಗೆ ಹಡಗಲ್ಲೇ ಕೂಕಣಿ. ಮಕ್ಕಳ್ ಗಲಾಟಿಲಿ ಒಂದ್ ಮಾತ್ ಹೇಳಿ ಮುಗ್ಸಿ."

"ಗಂಭೀರ ವಿಷಯ ಗಲಾಟೆಯಲ್ಲಿ ಹೇಳುವುದಲ್ಲ" ಎಂದೆ.

"ಹಂಗಾರೆ ನಿಮ್ಗೆ ಎಂತ ಬೇಕೋ ಅದ್ ಮಾಡಿ" ಎಂದಳು. ನಲವತ್ತೆರಡು ವರ್ಷಗಳ ದಾಂಪತ್ಯದಲ್ಲಿ ಈ ವಾಕ್ಯದ ನಂತರ ನಾನು ಮಾಡಿದ ಯಾವುದೂ ಕೈಗೂಡಿಲ್ಲ.

ಒಂದು ಗಂಟೆಗೆ ಶ್ರೀಧರ ಬಂದ. ಬಿಳಿ ಶರ್ಟು, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಹೋಟೆಲಿನ ಗಲ್ಲಾದಲ್ಲಿ ಕೂತಾಗಿನ ಅದೇ ವೇಷ. ಬಾಗಿಲಲ್ಲಿ ನಿಂತು ಕತ್ತಲಿಗೆ ಕಣ್ಣು ಹೊಂದಿಸಿಕೊಂಡು, "ಎಂತ ಅಣ್ಣ, ಇಲ್ಲ್ ಕರೆಂಟ್ ಇಲ್ಯಾ?" ಎಂದ. ಅವನ ದನಿ ಹೋಟೆಲಿನ ದನಿ, ಅಡುಗೆಮನೆಯ ತುದಿಗೆ ಮುಟ್ಟುವಂಥದ್ದು. ಐದಾರು ಟೇಬಲ್ಲುಗಳ ಜನ ತಿರುಗಿ ನೋಡಿದರು. ಸಪ್ಲೈಯರ್ ತುಟಿಗೆ ಬೆರಳಿಡಲಿಲ್ಲ, ಇಟ್ಟಂತೆ ನಕ್ಕ. ಅಲ್ಲಿಂದ ಮುಂದೆ ಶ್ರೀಧರನೂ ಪಿಸುಮಾತಿಗೆ ಇಳಿದ. ಅವನು ಪಿಸುಗುಡುವುದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು. ಬೇರೆ ಯಾರೋ ಮಾತಾಡಿದಂತಿತ್ತು.

ಇಬ್ಬರ ಟೇಬಲ್ಲಿನ ಮೇಲೆ ಒಂದು ಕೆಂಪು ಗುಲಾಬಿಯಿತ್ತು. ಕರವಸ್ತ್ರಗಳನ್ನು ಹೃದಯದ ಆಕಾರಕ್ಕೆ ಮಡಿಸಿದ್ದರು. ಒಟ್ಟು ನೂರಮೂವತ್ತು ವರ್ಷ ವಯಸ್ಸಿನ ಇಬ್ಬರು ಗಂಡಸರು ಆ ಹೃದಯಗಳನ್ನು ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡೆವು. ಶ್ರೀಧರ ಅಡುಗೆಮನೆಯ ಬಾಗಿಲು ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡ. ಹೋಟೆಲಿನವರು ಅಡುಗೆಮನೆಗೆ ಬೆನ್ನು ಹಾಕಿ ಕೂರುವುದಿಲ್ಲ. ಮತ್ತೆ ಕೈ ಚಾಚಿ ಗೋಡೆಯ ಪುಸ್ತಕವೊಂದನ್ನು ಎಳೆದ. ಅದು ಬರಲಿಲ್ಲ. ಬೆರಳಿನಿಂದ ತಟ್ಟಿ ನೋಡಿದ. ಪ್ಲೈವುಡ್ಡಿಗೆ ಅಂಟಿಸಿದ ರಟ್ಟು.

"ಬರೀ ಬೆನ್ನ್. ಹೊಟ್ಟಿ ಇಲ್ಲೆ" ಎಂದ.

ನಾನು ನಕ್ಕೆ. ಅವನೂ ನಕ್ಕ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಸೂಪು ಬರಲಿ ಎಂದು ಕಾದೆ.

ನಾನು ಮಾಡಿದ ಇನ್ನೊಂದು ತಪ್ಪು ಇಲ್ಲಿ ಕಾಣುತ್ತದೆ. ಹೋಟೆಲಿನವನನ್ನು ನಿಧಾನದ ಊಟಕ್ಕೆ ಕರೆಯಬಾರದು. ನಮ್ಮವರ ಹೋಟೆಲುಗಳಲ್ಲಿ ತಿಂದು ಮುಗಿಸಿಯೂ ಟೇಬಲ್ ಹಿಡಿದು ಕೂತು ಹರಟುವವನಷ್ಟು ದೊಡ್ಡ ಶತ್ರು ಇನ್ನೊಬ್ಬನಿಲ್ಲ. ಅವನ ತಲೆಯ ಮೇಲೆ ಫ್ಯಾನು ನಿಲ್ಲಿಸುತ್ತಾರೆ, ಅವನ ಮುಂದಿನ ಟೇಬಲನ್ನು ಮೂರು ಸಲ ಒರೆಸುತ್ತಾರೆ. ಮೂವತ್ತೈದು ವರ್ಷ ಮಧ್ಯಾಹ್ನದ ಊಟವನ್ನು ಮೂರೂವರೆಗೆ, ಗಲ್ಲಾದ ಹಿಂದೆ ನಿಂತೇ ಏಳು ನಿಮಿಷದಲ್ಲಿ ಉಂಡವನನ್ನು ನಾನು ಐದು ಸುತ್ತಿನ ಊಟಕ್ಕೆ ಕೂರಿಸಿದ್ದೆ. ಸೂಪು ಮುಗಿಯಿತು. ಖಾಲಿ ಬಟ್ಟಲುಗಳು ಹಾಗೇ ಇದ್ದವು. ಏನೂ ಬರಲಿಲ್ಲ. ಅವನ ಮೊಣಕಾಲು ಟೇಬಲಿನ ಕೆಳಗೆ ಕುಣಿಯುತ್ತಿತ್ತು.

"ಅಕ್ಕಿ ಬೆಳ್ಸಿ ತತ್ರಾ ಎಂತ?" ಎಂದು ಪಿಸುಗುಟ್ಟಿದ.

ಆ ನಡುವೆ ನಮ್ಮಿಬ್ಬರ ಮಧ್ಯೆ ಬಂದು ಕುಳಿತ ಮೌನವನ್ನು ಹೇಗೆ ವರ್ಣಿಸಲಿ? ಮೌನ ಎಂದರೆ ಸದ್ದಿಲ್ಲದಿರುವುದು ಎಂದು ನಾನು ತಿಳಿದಿದ್ದೆ. ಅಲ್ಲ. ಪಕ್ಕದ ಟೇಬಲಿನ ಹೆಂಗಸು ಬಳೆ ಸರಿಸಿದ್ದು ಕೇಳುತ್ತಿತ್ತು. ಅವಳ ಗಂಡ ನುಂಗಿದ್ದು ಕೇಳುತ್ತಿತ್ತು. ಇಷ್ಟು ಮೌನದಲ್ಲಿ ಬಾಯಿಂದ ಹೊರಟ ಮಾತಿಗೆ ಮೈಮೇಲೆ ಬಟ್ಟೆ ಇರುವುದಿಲ್ಲ. ನನಗೆ ನಮ್ಮ ಮನೆಯ ಕ್ರಮ ನೆನಪಾಯಿತು. ಅಪ್ಪ ಉಣ್ಣುವಾಗ ಮಾತಾಡುತ್ತಿರಲಿಲ್ಲ. ಉಪ್ಪಿಗೆ ಒಂದು ಬೆರಳು, ಮಜ್ಜಿಗೆಗೆ ಅಂಗೈ. ಆ ಮೌನದಲ್ಲಿ ಅಮ್ಮ ಎಂದೂ ಮುಖ್ಯವಾದದ್ದನ್ನು ಹೇಳಿದವಳಲ್ಲ. ಅವಳು ಹೇಳುತ್ತಿದ್ದದ್ದು ರುಬ್ಬುವಾಗ. ಕಲ್ಲು ಗುಡುಗುತ್ತಿರಬೇಕು, ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿರಬೇಕು, ಆಗ ಅವಳು ತಲೆಯೆತ್ತದೆ, ಅತ್ತೆಗೆ ಕೇಳದ ಹಾಗೆ, ಮಕ್ಕಳಿಗೆ ಅರ್ಥವಾಗದ ಹಾಗೆ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವಳು. ಸಾಲ, ಸಂಬಂಧ, ಸಿಟ್ಟು, ಒಮ್ಮೆ ತನ್ನ ತಪ್ಪು ಕೂಡ. ನಮ್ಮ ವಂಶದಲ್ಲಿ ಸತ್ಯ ಹೊರಬಂದದ್ದೆಲ್ಲ ಸದ್ದಿನ ಮರೆಯಲ್ಲೇ. ಇದು ಗೊತ್ತಿದ್ದೂ ನಾನು ಲೈಬ್ರರಿಯನ್ನು ಆರಿಸಿದ್ದೆ.

"ಅಣ್ಣ" ಎಂದ ಶ್ರೀಧರ. "ನಿಂಗೆ ಎಂತದೋ ಹೇಳುಕಿತ್ತ್ ಅಂದ್ಳ್ ಅಶ್ವಿನಿ. ಹೇಳ್."

ಪಕ್ಕದ ಟೇಬಲಿನ ಚಮಚ ನಿಂತಿತು. ಅವರು ಗುಜರಾತಿಗಳು, ನಮ್ಮ ಮಾತಿನ ಒಂದಕ್ಷರವೂ ಅವರಿಗೆ ತಿಳಿಯುವುದಿಲ್ಲ ಎಂಬುದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ. ನಾನು ಬಾಯಿ ತೆರೆದೆ. ಆರು ಪದಗಳಲ್ಲಿ ಮೊದಲನೆಯದು ನಾಲಗೆಯವರೆಗೆ ಬಂತು, ಹಿಂದಕ್ಕೆ ಹೋಯಿತು. ಅದರ ಜಾಗದಲ್ಲಿ ಬಂದದ್ದನ್ನು ಯಥಾವತ್ತಾಗಿ ಕೊಡುತ್ತೇನೆ.

"ಏನಂದರೆ ಶ್ರೀಧರ, ಆ ದಿನದ ಪರಿಸ್ಥಿತಿಯಲ್ಲಿ, ಎಲ್ಲ ಅಂಶಗಳನ್ನೂ ಗಮನಕ್ಕೆ ತೆಗೆದುಕೊಂಡು ನೋಡಿದರೆ, ಬೇರೆ ದಾರಿ ಇರಲಿಲ್ಲ. ಆದರೂ ಆದದ್ದಕ್ಕೆ ವಿಷಾದವಿದೆ."

ಇಂಥ ಪತ್ರಗಳನ್ನು ನಾನು ಸಾವಿರಗಟ್ಟಲೆ ಬರೆದಿದ್ದೇನೆ. ಗಂಡ ಸತ್ತವಳಿಗೆ, ಮಗ ಸತ್ತವನಿಗೆ. ಕಾರಣಗಳನ್ನು ಪರಿಶೀಲಿಸಲಾಗಿದೆ, ಪಾವತಿಗೆ ಅವಕಾಶವಿಲ್ಲ, ವಿಷಾದಿಸುತ್ತೇವೆ. ಕೆಳಗೆ ರುಜು. ಕೊಡುವುದಿಲ್ಲ ಎನ್ನುವಲ್ಲಿ ಮಾತ್ರ ಆ ಪದವನ್ನು ಬಳಸಿದವನ ಬಾಯಲ್ಲಿ ಅದು ಬೇರೆ ಯಾವ ಕೆಲಸಕ್ಕೂ ಬರಲಿಲ್ಲ.

"ವಿಷಾದ ಯಾರಿಗಿತ್ತ್?" ಎಂದು ಕೇಳಿದ ಶ್ರೀಧರ. ವ್ಯಂಗ್ಯವಿರಲಿಲ್ಲ. ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ನಾನು ನೀರು ಕುಡಿದೆ. ಅವನು ಗುಲಾಬಿಯನ್ನು ಪಕ್ಕಕ್ಕೆ ಸರಿಸಿ, ಟೇಬಲಿನ ಮೇಲೆ ಎರಡೂ ಮೊಣಕೈ ಊರಿ, ಇನ್ನೂ ಸಣ್ಣ ದನಿಯಲ್ಲಿ ಕೇಳಿದ: "ಹನ್ನೆರಡ್ರೊಳಗೆ ಆಯ್ಕ್ ಅಂತ ಭಟ್ರೇ ಹೇಳಿದ್ದ್, ಅಲ್ದಾ ಅಣ್ಣ?"

ಆ ಪ್ರಶ್ನೆಯನ್ನು ನಾನು ಆಮೇಲೆ ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಆಪಾದನೆ ಇರಲಿಲ್ಲ. ಬಸ್ಸಿನ ಮೆಟ್ಟಿಲಲ್ಲಿ ತಡವರಿಸುವ ಮುದುಕನಿಗೆ ಕೆಳಗೆ ನಿಂತವನು ಕೈ ಕೊಟ್ಟ ಹಾಗೆ ಇತ್ತು. ಹಿಡಿದು ಇಳಿಯುವುದಷ್ಟೇ ಉಳಿದಿತ್ತು.

"ಹೌದು" ಎಂದೆ.

"ಸರ್, ಸಬ್ ಠೀಕ್ ಹೈ?" ಸಪ್ಲೈಯರ್ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಬಗ್ಗಿ ಕೇಳಿದ.

"ಠೀಕ್" ಎಂದೆ. ಎರಡು ಉತ್ತರಗಳಲ್ಲಿ ಎರಡು ಸುಳ್ಳು.

ಶ್ರೀಧರ ತನ್ನ ಸೂಪಿನ ಬಟ್ಟಲನ್ನು ನನ್ನ ಬಟ್ಟಲಿನ ಮೇಲೆ ಇಟ್ಟ, ಎರಡೂ ಚಮಚಗಳನ್ನು ಅದರೊಳಗೆ ಹಾಕಿದ, ಎತ್ತುವವರಿಗೆ ಸುಲಭವಾಗಲೆಂದು ಟೇಬಲಿನ ಅಂಚಿಗೆ ತಳ್ಳಿದ. ಹೃದಯದ ಕರವಸ್ತ್ರವನ್ನು ನಾಲ್ಕಾಗಿ ಮಡಿಸಿದ.

"ನಾ ಮಕ್ಕಳ್ ಹತ್ರ ಹೋತೆ. ನೀ ಉಣ್ಣ್" ಎಂದ. ಹೋದ.

ನಾನು ಉಂಡೆ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಉಂಡದ್ದು ನಿಜ. ಎದ್ದು ಅವನ ಹಿಂದೆ ಓಡುವುದು ಆ ಮೌನದಲ್ಲಿ ಅಸಭ್ಯವಾಗಿ ಕಾಣುತ್ತಿತ್ತು. ನಾಲ್ಕು ಜನ ನೋಡುತ್ತಿದ್ದರು. ಇಬ್ಬರಿಗೆಂದು ಹೇಳಿದ ಊಟ ಒಂದೊಂದಾಗಿ ಬರುತ್ತಿತ್ತು, ಪ್ರತಿ ಸಲವೂ ಎರಡೆರಡು ತಟ್ಟೆ. ಅಂದು ಕಾರ್ಯದರ್ಶಿಗೆ ಬೇಸರವಾಗದಿರಲಿ ಎಂದವನು ಇಂದು ಸಪ್ಲೈಯರಿಗೆ ಬೇಸರವಾಗದಿರಲಿ ಎಂದು ಕುಳಿತೆ. ನನ್ನ ಸೌಜನ್ಯ ಜೀವನಪೂರ್ತಿ ಅಪರಿಚಿತರಿಗೇ ಮೀಸಲಾಗಿದ್ದದ್ದು ಹೇಗೆ ಎಂದು ಮೂರನೆಯ ಸುತ್ತಿನಲ್ಲಿ ಯೋಚಿಸಿದೆ. ನಾಲ್ಕನೆಯ ಸುತ್ತಿನಲ್ಲಿ ಐಸ್‌ಕ್ರೀಮು ಇತ್ತು. ಕೊನೆಯಲ್ಲಿ ಅಭಿಪ್ರಾಯ ತಿಳಿಸಲು ಒಂದು ಟ್ಯಾಬ್ಲೆಟ್ ತಂದು ಮುಂದೆ ಹಿಡಿದರು. ವಾತಾವರಣ ಹೇಗಿತ್ತು? ಐದಕ್ಕೆ ಐದು ನಕ್ಷತ್ರ ಒತ್ತಿದೆ.

ಕೆಳಗೆ ಮೆಟ್ಟಿಲ ಬಳಿ ಅಶ್ವಿನಿ ಕಾಯುತ್ತಿದ್ದಳು.

"ಹೇಳಿದ್ರಾ ದೊಡ್ಡಪ್ಪ?"

"ಮಾತಾಡಿದೆವು" ಎಂದೆ.

"ಅಪ್ಪ ಭಟ್ಟರ ವಿಷಯ ಕೇಳಿದ್ರಾ?"

ಅವಳು ನನ್ನ ಮುಖ ನೋಡಿದಳು. ಎಕ್ಸ್‌ರೇ ನೋಡಿ ಅಭ್ಯಾಸವಿದ್ದವಳು.

"ಅಯ್ಯೋ ದೊಡ್ಡಪ್ಪ" ಎಂದಳು. "ಭಟ್ರು ಎರಡು ವರ್ಷದ ಹಿಂದೆಯೇ ಅಪ್ಪನಿಗೆ ಹೇಳಿದ್ದಾರೆ. ಹೋಟೆಲಲ್ಲಿ ಕಾಫಿ ಕುಡೀತಾ ಮಾತಿಗೆ ಮಾತು ಬಂದು, ನಾನು ಸಂಜೆವರೆಗೆ ಇಡಬಹುದು ಅಂದಿದ್ದೆ ಅಂತ. ಅಪ್ಪನಿಗೆ ಎಲ್ಲ ಗೊತ್ತುಂಟು, ಮದುವೆ ಮೆರವಣಿಗೆದ್ದೂ ಗೊತ್ತುಂಟು. ಅದನ್ನು ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕಿತ್ತು ಅವರಿಗೆ, ಅಷ್ಟೇ. ಮತ್ತೆ ಎಂತದೂ ಇಲ್ಲ. ಶ್ರಾದ್ಧಕ್ಕೆ ಮಣಿನಗರಕ್ಕೆ ಅಂತ ಟಿಕೆಟ್ ಸಹ ತೆಗ್ದು ಇಟ್ಟಿದ್ರು."

"ಹೌದಾ?" ಎಂದೆ. ನನ್ನ ಶಬ್ದಭಂಡಾರ ಅಂದು ಬಹಳ ಮಿತವಾಗಿತ್ತು.

ಹಡಗಿನ ತನಕ ನಡೆದೆ. ಕಿಟಕಿಯ ಗುಂಡು ಗಾಜಿನಲ್ಲಿ ಎಲ್ಲರೂ ಕಂಡರು. ಶ್ರೀಧರ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ನನ್ನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ತಟ್ಟೆಯಿಂದಲೇ ತಿನ್ನುತ್ತಿದ್ದ. ಅವಳು ಗುಜರಾತಿಯಲ್ಲಿ ಏನೋ ಕಿರುಚಿದಳು, ಅವನು ಕುಂದಾಪುರದ ಮಾತಿನಲ್ಲಿ ತಿರುಗಿ ಕಿರುಚಿದ. ಸುಲೋಚನಾ ನಗುತ್ತಿದ್ದಳು. ಆ ಗದ್ದಲದಲ್ಲಿ ಅವನ ಪಕ್ಕ ಕೂತು ಆರು ಪದ ಹೇಳಿದ್ದರೆ ಮೂರನೆಯವರಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಒಂದು ಕುರ್ಚಿ ಖಾಲಿ ಇತ್ತು. ಬಾಗಿಲಲ್ಲಿ ಯಾವ ಫಲಕವೂ ಇರಲಿಲ್ಲ. ನಾನು ಒಳಗೆ ಹೋಗಲಿಲ್ಲ.

ಕೆಲವು ದಿನ ನಾನು ರೆಸ್ಟೋರೆಂಟನ್ನು ದೂರಿದೆ. ಬೆಳಕು ಕಡಿಮೆ, ಮೌನ ಹೆಚ್ಚು, ಸುತ್ತುಗಳ ನಡುವೆ ವಿಳಂಬ. ಸ್ಥಳದ ಆಯ್ಕೆಯಲ್ಲಿ ಎಡವಿದೆ ಎಂದು ಸುಲೋಚನಾಳ ಮುಂದೆ ಒಪ್ಪಿಕೊಂಡೆ. ಅದನ್ನು ಒಪ್ಪಿಕೊಳ್ಳುವುದು ಎಷ್ಟು ಸುಲಭವಾಗಿತ್ತೆಂದರೆ ನನಗೇ ಅನುಮಾನ ಬಂತು. ಹಡಗಿನಲ್ಲಿ ಕೂತಿದ್ದರೆ ಗಲಾಟೆಯನ್ನು ದೂರುತ್ತಿದ್ದೆ, ಗುಹೆಯಲ್ಲಿ ಕೂತಿದ್ದರೆ ಗೊರಿಲ್ಲಾವನ್ನು. ಕ್ಷಮೆ ಕೇಳಲು ತಕ್ಕ ಜಾಗ ಹುಡುಕುವವನಿಗೆ ಬೇಕಾಗಿರುವುದು ಜಾಗವಲ್ಲ, ಹುಡುಕಾಟ. ಫೋನಿನಲ್ಲಿ ಹೇಳಬಹುದಿತ್ತು, ಕಾಗದ ಬರೆಯಬಹುದಿತ್ತು. ಇದನ್ನು ಇಷ್ಟು ಉದ್ದಕ್ಕೆ ನಿಮಗೆ ಬರೆದಿದ್ದೇನೆ, ಅವನಿಗೆ ಬರೆಯಲಿಲ್ಲ.

ಮಾರ್ಗಶಿರ ಬಂತು. ಅಮ್ಮನ ಶ್ರಾದ್ಧ ಆ ವರ್ಷವೂ ಎರಡು ಮನೆಗಳಲ್ಲಿ ನಡೆಯಿತು.